ತೊಡೆಯ ಮೇಲಿನ ಪ್ರಯಾಣಿಕಳಿಗೆ ಟಿಕೆಟ್: ಬುಕಿಂಗ್‌ನ ಮೂರು ದಾರಿಗಳು

ಮಗಳು ಹುಟ್ಟಿದ ಮೇಲೆ ನಾವು ಮಾಡಿದ ಮೂರು ವಿಮಾನ ಪ್ರಯಾಣಗಳಿಗೆ ಮೂರು ಬೇರೆ ಬೇರೆ ದಾರಿಗಳಲ್ಲಿ ಟಿಕೆಟ್ ಮಾಡಿಸಿದೆವು. ಮೊದಲನೆಯದನ್ನು ಹಲವು ಕಂಪನಿಗಳ ದರಗಳನ್ನು ಒಟ್ಟಿಗೆ ತೋರಿಸುವ ಒಂದು ಬುಕಿಂಗ್ ಜಾಲತಾಣದಲ್ಲಿ, ಎರಡನೆಯದನ್ನು ವಿಮಾನಯಾನ ಸಂಸ್ಥೆಯದೇ ಆ್ಯಪ್‌ನಲ್ಲಿ, ಮೂರನೆಯದನ್ನು ಅದೇ ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿ ಕಾಯ್ದಿರಿಸಿದೆವು. ದೊಡ್ಡವರ ಟಿಕೆಟ್ ಮಟ್ಟಿಗೆ ಈ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಜೊತೆಗೊಂದು ಹಸುಗೂಸು ಇದ್ದಾಗ ಎಲ್ಲಿ ಟಿಕೆಟ್ ಮಾಡಿಸಿದೆವು ಎಂಬುದು ದರಕ್ಕಿಂತ ದೊಡ್ಡ ವಿಷಯವಾಗುತ್ತದೆ.

ನಿಯಮದ ಮೂಲರೂಪ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಪ್ರಯಾಣದ ದಿನಕ್ಕೆ ಎರಡು ವರ್ಷ ತುಂಬದ ಮಗು ‘ಶಿಶು’; ಎರಡರಿಂದ ಹನ್ನೊಂದು ವರ್ಷದವರೆಗಿನದು ‘ಮಗು’. ಶಿಶುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಆದರೆ ಒಬ್ಬ ವಯಸ್ಕರಿಗೆ ಒಂದೇ ಶಿಶು. ಅವಳಿಗಳೊಂದಿಗೆ ಒಬ್ಬರೇ ಹೊರಟರೆ ಎರಡನೆಯ ಕೂಸಿಗೆ ಸೀಟು ಕೊಳ್ಳಲೇಬೇಕು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ತೊಡೆಯ ಮೇಲಿನ ಶಿಶುವಿಗೆ ಸಾಮಾನ್ಯವಾಗಿ ವಯಸ್ಕರ ದರದ ಶೇ. 10ರಷ್ಟು ಮತ್ತು ತೆರಿಗೆ ತಗಲುತ್ತದೆ. ದೇಶದೊಳಗಿನ ಹಾರಾಟಗಳಲ್ಲಿ ಕೆಲವರು ನಿಗದಿತ ಶುಲ್ಕ ಪಡೆಯುತ್ತಾರೆ, ಕೆಲವರು ಏನೂ ಪಡೆಯುವುದಿಲ್ಲ. (ಹಿಂದಿನ ಪ್ರಯಾಣಗಳಿಗೆ ವಿಮಾನ ಸಂಸ್ಥೆಗಳು ಕೊಡುವ ಅಂಕಗಳಾದ ‘ಮೈಲ್ಸ್’ ಕೂಡಿಟ್ಟು ಅವುಗಳಲ್ಲಿ ಪುಕ್ಕಟೆಯಾಗಿ ಹೋಗುತ್ತಿದ್ದೇವೆಂದು ಹಿಗ್ಗುವವರು ಗಮನಿಸಬೇಕಾದದ್ದೆಂದರೆ, ಅನೇಕ ಸಂಸ್ಥೆಗಳು ಆ ಶೇ. 10ನ್ನು ಪೂರ್ಣ ನಗದು ದರದ ಮೇಲೆಯೇ ಲೆಕ್ಕ ಹಾಕುತ್ತವೆ.)

ಮೊದಲ ಜಾಲತಾಣದಲ್ಲಿ ಬುಕಿಂಗ್ ಐದು ನಿಮಿಷದಲ್ಲಿ ಮುಗಿಯಿತು. ಆ ಸಲೀಸುತನವೇ ಅದರ ದೋಷವೆಂಬುದು ಅರಿವಾದದ್ದು ಚೆಕ್-ಇನ್ ಕೌಂಟರಿನಲ್ಲಿ. ಟಿಕೆಟ್ ಮಾರಿದ್ದು ಒಂದು ಸಂಸ್ಥೆ, ವಿಮಾನ ಹಾರಿಸುತ್ತಿದ್ದುದು ಅದರ ಪಾಲುದಾರ ಸಂಸ್ಥೆ. ಎಂಟು ತಿಂಗಳ ಮಗಳ ಹೆಸರು ನಮ್ಮ ಬುಕಿಂಗ್‌ನಲ್ಲಿ ಒಂದು ಷರಾದಂತೆ ಇತ್ತೇ ಹೊರತು ಅವಳ ಪಾಲಿನ ಟಿಕೆಟ್ ಎಂಬುದು ಇರಲೇ ಇಲ್ಲ. ಸೀಟಿಲ್ಲದ ಶಿಶುವಿಗೂ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ತನ್ನದೇ ಆದ 13 ಅಂಕಿಗಳ ಇ-ಟಿಕೆಟ್ ಸಂಖ್ಯೆ ಇರಬೇಕೆಂಬುದನ್ನು ನಾನು ತಿಳಿದುಕೊಂಡದ್ದು, ಹಿಂದೆ ಸಾಲು ಬೆಳೆಯುತ್ತಿರುವಾಗ, ಮುಕ್ಕಾಲು ಗಂಟೆ ಅಲ್ಲಿಯೇ ನಿಂತು. ಜಾಲತಾಣದ ಗ್ರಾಹಕ ಸೇವೆಯವರು ವಿಮಾನ ಸಂಸ್ಥೆಯನ್ನು ಕೇಳಿ ಎಂದರು. ವಿಮಾನ ಸಂಸ್ಥೆಯವರು ಮಾರಿದವರನ್ನು ಕೇಳಿ ಎಂದರು. ಕೊನೆಗೆ ಕೌಂಟರಿನ ಹಿರಿಯ ಸಿಬ್ಬಂದಿಯೊಬ್ಬರು ಶಿಶುವಿನ ದರವನ್ನು ಅಲ್ಲೇ ಕಟ್ಟಿಸಿಕೊಂಡು ಟಿಕೆಟ್ ಹೊರಡಿಸಿದರು. ಮೊದಲೇ ಕಟ್ಟಿದ್ದ ಹಣ ಮರಳಿ ಬರಲು ಎರಡು ತಿಂಗಳು ಹಿಡಿಯಿತು. ದರ ಹೋಲಿಸಿ ನೋಡಲು ಆ ಜಾಲತಾಣವನ್ನು ಈಗಲೂ ಬಳಸುತ್ತೇನೆ. ಹಣ ಕಟ್ಟುವುದನ್ನು ಮಾತ್ರ ಬೇರೆಡೆ ಮಾಡುತ್ತೇನೆ.

ಎರಡನೆಯ ಬಾರಿ, ಮಗಳಿಗೆ ಹದಿನಾಲ್ಕು ತಿಂಗಳಾಗಿದ್ದಾಗ, ಸಂಸ್ಥೆಯ ಆ್ಯಪ್ ಬಳಸಿದೆವು. ಶಿಶುವಿನ ಟಿಕೆಟ್ ಸಂಖ್ಯೆ ಪ್ರತ್ಯೇಕವಾಗಿ ಇಮೇಲ್‌ಗೆ ಬಂದಿತು, ಅವಳ ಲಗೇಜಿನ ಮಿತಿಯನ್ನೂ ತಳ್ಳುಗಾಡಿಗೆ ಶುಲ್ಕವಿಲ್ಲವೆಂಬುದನ್ನೂ ಸ್ಪಷ್ಟವಾಗಿ ನಮೂದಿಸಲಾಗಿತ್ತು. ಆ್ಯಪ್ ಎಡವಿದ್ದು ಸೀಟುಗಳ ನಕ್ಷೆಯಲ್ಲಿ. ಜೊತೆಯಲ್ಲಿ ತಂಗಿಯೂ ತನ್ನ ಐದು ತಿಂಗಳ ಮಗನೊಂದಿಗೆ ಬರುತ್ತಿದ್ದಳು. ಇಬ್ಬರೂ ಅಕ್ಕಪಕ್ಕ ಕೂತರೆ ಒಬ್ಬರಿಗೊಬ್ಬರು ಆಸರೆಯಾಗಬಹುದೆಂದು ಒಂದೇ ಸಾಲಿನ ಸೀಟುಗಳನ್ನು ಒತ್ತಿದರೆ, ‘ಈ ಸೀಟು ಲಭ್ಯವಿಲ್ಲ’ ಎಂಬ ಒಂದೇ ಮಾತು. ನಕ್ಷೆಯಲ್ಲಿ ಸೀಟು ಖಾಲಿಯೇ ಕಾಣುತ್ತಿತ್ತು. ಫೋನಿನಲ್ಲಿ ವಿಚಾರಿಸಿದಾಗ ಕಾರಣ ತಿಳಿಯಿತು: ಮೂರು ಸೀಟುಗಳ ಒಂದು ಗುಂಪಿಗೆ ಸಾಮಾನ್ಯವಾಗಿ ನಾಲ್ಕು ಆಮ್ಲಜನಕದ ಮಾಸ್ಕ್‌ಗಳಿರುತ್ತವೆ, ಹೆಚ್ಚುವರಿ ಮಾಸ್ಕ್ ಒಂದೇ, ಆದ್ದರಿಂದ ಆ ಗುಂಪಿನಲ್ಲಿ ತೊಡೆಯ ಮೇಲಿನ ಕೂಸು ಎರಡಾಗುವಂತಿಲ್ಲ. ಇಷ್ಟು ಸಕಾರಣವಾದ ನಿಯಮವನ್ನು ಆ್ಯಪ್ ಒಂದು ಸಾಲಿನಲ್ಲಿ ಹೇಳಿದ್ದರೆ ನಾವು ನಡುದಾರಿಯ ಆಚೀಚಿನ ಸೀಟುಗಳನ್ನು ಆಗಲೇ ಆರಿಸಿಕೊಳ್ಳುತ್ತಿದ್ದೆವು.

ತೊಟ್ಟಿಲಿನ ವಿಷಯದಲ್ಲಿ ಆ್ಯಪ್ ಇನ್ನೂ ಮೌನಿ. ಬ್ಯಾಸಿನೆಟ್ ಎನ್ನುವ ಆ ತೊಟ್ಟಿಲನ್ನು ಸೀಟುಗಳ ಮುಂದಿನ ಅಡ್ಡಗೋಡೆಗೆ ಸಿಕ್ಕಿಸುತ್ತಾರೆ. ಆದ್ದರಿಂದ ಅದು ಆ ಕೆಲವೇ ಸಾಲುಗಳಲ್ಲಿ, ಅದೂ ಬೆರಳೆಣಿಕೆಯಷ್ಟು ಮಾತ್ರ ಇರುತ್ತದೆ. ಗೋಡೆಯೆದುರಿನ ಸೀಟಿಗೆ ಹೆಚ್ಚುವರಿ ಹಣ ಕಟ್ಟಿದ ಮಾತ್ರಕ್ಕೆ ತೊಟ್ಟಿಲು ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಅದನ್ನು ಬೇರೆಯಾಗಿ ಕೋರಬೇಕು. ತೂಕದ ಮಿತಿ ಅನೇಕ ಸಂಸ್ಥೆಗಳಲ್ಲಿ ಹತ್ತು-ಹನ್ನೊಂದು ಕಿಲೋ ಆಸುಪಾಸಿನಲ್ಲಿದ್ದು, ಒಂದು ವರ್ಷ ದಾಟಿದ ಮಗು ಅದರಲ್ಲಿ ಹಿಡಿಸದೆ ಹೋಗುವ ಸಂಭವವೇ ಹೆಚ್ಚು. ಸೀಟ್‌ಬೆಲ್ಟ್ ಸೂಚನೆಯ ದೀಪ ಹತ್ತಿದಾಗಲೆಲ್ಲ ನಿದ್ರಿಸುತ್ತಿರುವ ಕೂಸನ್ನು ಎತ್ತಿಕೊಳ್ಳಬೇಕೆಂಬುದನ್ನೂ ತೊಟ್ಟಿಲಿನ ಚಿತ್ರ ತೋರಿಸುವ ಪುಟ ಹೇಳುವುದಿಲ್ಲ.

ಮೂರನೆಯ ಪ್ರಯಾಣಕ್ಕೆ ಫೋನ್ ಮಾಡಲು ಕಾರಣ ಮಗಳ ಹುಟ್ಟುಹಬ್ಬ. ಹೋಗುವಾಗ ಅವಳಿಗೆ ಎರಡು ತುಂಬಲು ನಾಲ್ಕು ದಿನ ಬಾಕಿ, ಬರುವಾಗ ತುಂಬಿ ಒಂದು ವಾರ. ಆ್ಯಪ್ ಅವಳನ್ನು ಶಿಶುವೆಂದೂ ಒಪ್ಪಲಿಲ್ಲ, ಮಗುವೆಂದೂ ಒಪ್ಪಲಿಲ್ಲ. ಎರಡು ಬಾರಿಯೂ ಜನ್ಮದಿನಾಂಕ ಸರಿಯಿಲ್ಲವೆಂದಿತು. ಸಹಾಯವಾಣಿಯಲ್ಲಿ ಅರ್ಧ ಗಂಟೆ ಸಂಗೀತ ಕೇಳಿಸಿಕೊಂಡ ಮೇಲೆ ಮಾತಿಗೆ ಸಿಕ್ಕ ಮಹಿಳೆ, ನಾನು ದಿನಾಂಕಗಳನ್ನು ಹೇಳುತ್ತಿದ್ದಂತೆಯೇ, “ವಾಪಸ್ ಬರುವ ಹೊತ್ತಿಗೆ ಎರಡು ತುಂಬಿರುತ್ತದಲ್ಲವೇ, ಮೇಡಂ?” ಎಂದು ತಾವೇ ಕೇಳಿದರು. ಅವರ ಸಂಸ್ಥೆಯಲ್ಲಿ ಮರುಪ್ರಯಾಣಕ್ಕಷ್ಟೇ ಮಗುವಿನ ದರ ಕೊಟ್ಟು ಸೀಟು ಕೊಂಡರೆ ಸಾಕಿತ್ತು. ಎರಡೂ ಕಡೆಗೆ ಮಗುವಿನ ದರವನ್ನೇ ಕೇಳುವ ಸಂಸ್ಥೆಗಳೂ ಇವೆಯಾದ್ದರಿಂದ ಇದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ಆದರೂ ನಾವು ಹೋಗುವಾಗಲೂ ಸೀಟು ಕೊಂಡೆವು. ಅದಕ್ಕೆ ಕಾರಣ 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ನಡೆದ ಯುನೈಟೆಡ್ 232 ವಿಮಾನದ ಅಪಘಾತದ ಬಗ್ಗೆ ಓದಿದ್ದು. ಆ ವಿಮಾನದಲ್ಲಿ ಸೀಟಿಲ್ಲದ ನಾಲ್ಕು ಮಕ್ಕಳಿದ್ದರು. ನೆಲಕ್ಕೆ ಅಪ್ಪಳಿಸುವ ಮುನ್ನ ಅವರನ್ನು ಕಾಲಬುಡದಲ್ಲಿ ನೆಲದ ಮೇಲೆ ಇರಿಸಿ ಹಿಡಿದುಕೊಳ್ಳುವಂತೆ ಅಂದಿನ ಸೂಚನೆಯಂತೆಯೇ ಹೇಳಲಾಯಿತು, ಅವರಲ್ಲೊಂದು ಮಗು ತೀರಿಕೊಂಡಿತು. ಆ ಬಳಿಕ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯು ಶಿಶುಗಳಿಗೂ ಪ್ರತ್ಯೇಕ ಸೀಟು ಕಡ್ಡಾಯವಾಗಲಿ ಎಂದು ಒತ್ತಾಯಿಸುತ್ತಲೇ ಬಂದಿತು. ವಿಮಾನಯಾನ ಆಡಳಿತವಾದರೋ, ಟಿಕೆಟ್ ವೆಚ್ಚ ಏರಿದರೆ ಕುಟುಂಬಗಳು ವಿಮಾನಕ್ಕಿಂತ ಅಪಾಯಕರವಾದ ರಸ್ತೆಯನ್ನು ಹಿಡಿಯುತ್ತವೆಂದು 2005ರಲ್ಲಿ ಅದನ್ನು ಕೈಬಿಟ್ಟಿತು. ಎರಡೂ ವಾದಗಳು ನನಗೆ ಅರ್ಥವಾಗುತ್ತವೆ; ನಮ್ಮ ಬಳಿ ಹಣವಿತ್ತು, ರಸ್ತೆಯಲ್ಲಿ ಹೋಗುವ ಪ್ರಶ್ನೆಯಿರಲಿಲ್ಲ.

ಸೀಟು ಕೊಂಡ ಮೇಲೆ ಅದರಲ್ಲಿ ಕಾರಿನ ಮಕ್ಕಳ ಸೀಟನ್ನು ಅಳವಡಿಸಬಹುದು, ಆದರೆ ವಿಮಾನದಲ್ಲಿ ಬಳಸಲು ಮಾನ್ಯವೆಂಬ ಮುದ್ರಿತ ಚೀಟಿ ಅದರ ಮೇಲಿರಬೇಕು. ಕೇವಲ ಎತ್ತರ ಕೊಡುವ ಬೂಸ್ಟರ್ ಸೀಟು ನಡೆಯುವುದಿಲ್ಲ. ಸಹಾಯವಾಣಿಯವರು ಸೀಟಿನ ಅಗಲವನ್ನು ಅಳೆಯುವಂತೆ ನನಗೆ ಹೇಳಿ, ಬೇರೆಯವರು ಹೊರಬರಲು ಅಡ್ಡಿಯಾಗದಂತೆ ಕಿಟಕಿಯ ಪಕ್ಕವೇ ಅದನ್ನು ಇಡಬೇಕೆಂದು ತಾವೇ ಆ ಸೀಟನ್ನು ಗುರುತಿಸಿಕೊಟ್ಟರು. ಫೋನಿನ ದಾರಿಯಲ್ಲೂ ಕುಂದಿಲ್ಲದಿಲ್ಲ: ಸೇವಾಶುಲ್ಕ ಬೇರೆ ತೆತ್ತೆವು, ಮತ್ತು ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರೂ ಮಗಳ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ ಬರದೆ, ತಿದ್ದಿಸಲು ಅದೇ ಸಂಗೀತವನ್ನು ಮತ್ತೊಮ್ಮೆ ಕೇಳಬೇಕಾಯಿತು.

ಮೊನ್ನೆ ಮುಂದಿನ ಪ್ರಯಾಣದ ದರ ನೋಡಲೆಂದು ಆ ಮೊದಲ ಜಾಲತಾಣವನ್ನು ತೆರೆದೆ. ಅದು ಉಳಿಸಿಟ್ಟುಕೊಂಡಿದ್ದ ಪ್ರಯಾಣಿಕರ ಪಟ್ಟಿಯಲ್ಲಿ, ಎರಡೂವರೆ ವರ್ಷದ ನನ್ನ ಮಗಳು ಇನ್ನೂ ಶಿಶುವಾಗಿಯೇ ಇದ್ದಳು. ಅವಳ ಜನ್ಮದಿನಾಂಕವೂ ಅದರ ಪಕ್ಕದಲ್ಲೇ ಇತ್ತು.