61 ಕೀಗಳ ಅರೇಂಜರ್ ಕೀಬೋರ್ಡ್: ವರ್ಷಗಳ ಬಳಕೆಯ ನಂತರ ಟೋನ್, ಎಫೆಕ್ಟ್, ಟ್ಯೂನಿಂಗ್ ಬಗ್ಗೆ

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಅರೇಂಜರ್ ಕೀಬೋರ್ಡ್‌ನ (ನುಡಿಸುವವರ ಜೊತೆಗೆ ರಿದಂ, ಬಾಸ್ ತಾನೇ ಕೂಡಿಸುವ ವಾದ್ಯ) ಟೋನ್‌ಗಳು, ಅಂದರೆ ಪಿಯಾನೊ, ವಯಲಿನ್‌ನಂಥ ದನಿಗಳು, ನಿಜಕ್ಕೂ ಒಳ್ಳೆಯವು, ಆದರೆ ಕಂಪನಿ ಇಟ್ಟುಕೊಟ್ಟ ಸೆಟ್ಟಿಂಗ್‌ನಲ್ಲಿ ಆ ಒಳ್ಳೆಯತನ ಕೇಳಿಸುವುದಿಲ್ಲ. ಪ್ರತಿ ಟೋನ್‌ಗೂ ರಿವರ್ಬ್ (ಪ್ರತಿಧ್ವನಿಯ ಗುಂಗು), ಕೋರಸ್ (ಒಂದೇ ದನಿ ಹಲವಾಗಿ ಕೇಳಿಸುವ ಎಫೆಕ್ಟ್) ಧಾರಾಳವಾಗಿ ಸುರಿದಿದ್ದಾರೆ. ಒಬ್ಬರೇ ಕೂತು ನುಡಿಸುವಾಗ ಅದು ಕಿವಿಗೆ ತುಂಬಾ ಹಿತ. ಜೊತೆಗೆ ಹಾಡುವವರು, ತಬಲದವರು ಸೇರಿದರೋ, ಎಲ್ಲವೂ ಕಲಸಿಹೋಗಿ ಯಾವ ಸ್ವರ ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ. ಹಾಗಾಗಿ ಇದರಲ್ಲಿ ನಾನು ಮಾಡಿರುವ ಕೆಲಸದಲ್ಲಿ ಸೇರಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು.

ರಿವರ್ಬ್‌ಗೆ ಇಲ್ಲಿ ಎರಡು ಹಂತವಿದೆ. ಹಾಲ್, ರೂಮ್, ಸ್ಟೇಜ್, ಪ್ಲೇಟ್ ಎಂಬ ಬಗೆಯನ್ನು ಇಡೀ ವಾದ್ಯಕ್ಕೆ ಒಂದೇ ಸಲ ಆರಿಸಬೇಕು. ಅದರೊಳಗೆ ಯಾವ ಟೋನ್ ಎಷ್ಟು ಹೋಗಬೇಕು ಎಂಬುದನ್ನು ಮಾತ್ರ ಬೇರೆ ಬೇರೆಯಾಗಿ, 0ರಿಂದ 127ರವರೆಗೆ ಇಡಬಹುದು. ಹೆಚ್ಚಿನವರು ಮೊದಲನೆಯದನ್ನು ಬದಲಾಯಿಸಿ ಸುಮ್ಮನಾಗುತ್ತಾರೆ. ಫಲ ಇರುವುದು ಎರಡನೆಯದರಲ್ಲಿ. ನನ್ನಲ್ಲಿ ಬಾಸ್‌ಗೆ ಸೊನ್ನೆ, ಪಿಯಾನೊಗೆ 20ರ ಆಸುಪಾಸು, ಸ್ಟ್ರಿಂಗ್ಸ್‌ಗೆ 50. ಬಾಸ್‌ನಿಂದ ರಿವರ್ಬ್ ತೆಗೆದ ಕೂಡಲೇ ರಿದಂ ಬಿಗಿಯಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೂರಿಸಿದ ಪ್ರಮಾಣ ಕೋಣೆಯಲ್ಲಿ ಜಾಸ್ತಿ ಅನ್ನಿಸುತ್ತದೆ, ಏಕೆಂದರೆ ಕೋಣೆ ತನ್ನ ಪ್ರತಿಧ್ವನಿಯನ್ನೂ ಸೇರಿಸುತ್ತದೆ. ಕೊನೆಯ ತೀರ್ಮಾನ ಸ್ಪೀಕರ್‌ನಲ್ಲೇ ಆಗಲಿ.

ಅಟ್ಯಾಕ್ (ಸ್ವರ ಏಳಲು ಹಿಡಿಯುವ ಸಮಯ), ರಿಲೀಸ್ (ಕೀ ಬಿಟ್ಟ ಮೇಲೆ ಸ್ವರ ಆರುವ ಸಮಯ), ಕಟ್‌ಆಫ್ (ದನಿಯ ಹೊಳಪು) ಮೂರೂ ನಾಬ್‌ಗೆ ಸಿಗುವುದು ಈ ವಾದ್ಯದ ದೊಡ್ಡ ಲಾಭ. ಇವುಗಳ ಬೆಲೆ 64 ಎಂದರೆ ಟೋನ್ ಮೂಲದಲ್ಲಿದ್ದ ಹಾಗೆ. ವಯಲಿನ್ ಗುಂಪಿನ ಟೋನ್‌ನಲ್ಲಿ ಚುರುಕಾದ ಸಾಲು ನುಡಿಸಿದರೆ ಸ್ವರ ಬೆರಳಿಗಿಂತ ತಡವಾಗಿ ಎದ್ದೇಳುತ್ತದೆ. ಅಟ್ಯಾಕ್ ಇಳಿಸಿದರೆ ಸರಿಹೋಗುತ್ತದೆ. ರಿಲೀಸ್ ಇಳಿಸಿದರೆ ಒಂದು ಕಾರ್ಡ್‌ನ ಬಾಲ ಮುಂದಿನ ಕಾರ್ಡ್ ಮೇಲೆ ಬೀಳುವುದಿಲ್ಲ. ಪಿಯಾನೊ ಜೊತೆ ಸ್ಟ್ರಿಂಗ್ಸ್ ಲೇಯರ್ ಮಾಡುವಾಗ (ಒಂದೇ ಕೀಗೆ ಎರಡು ಟೋನ್ ಕೂಡಿಸುವಾಗ) ಸ್ಟ್ರಿಂಗ್ಸ್‌ನ ವಾಲ್ಯೂಮ್ ಜೊತೆ ಕಟ್‌ಆಫ್ ಕೂಡ ತಗ್ಗಿಸಿ ನೋಡಿ: ಅದು ಹಿಂದಕ್ಕೆ ಸರಿದು ಪಿಯಾನೊದ ಪೆಟ್ಟು ಮುಂದೆ ನಿಲ್ಲುತ್ತದೆ.

ಲೇಯರ್ ವಿಷಯದಲ್ಲಿ ಒಂದು ಎಚ್ಚರಿಕೆ. ಈ ವಾದ್ಯ ಒಂದೇ ಸಲ 64 ಸ್ವರ ಮೊಳಗಿಸಬಲ್ಲದು ಎಂದರೆ ಬೇಕಾದಷ್ಟು ಅನ್ನಿಸಬಹುದು. ಆದರೆ ಲೇಯರ್ ಹಾಕಿದರೆ ಒಂದು ಕೀಗೆ ಕನಿಷ್ಠ ಎರಡು ಸ್ವರ ಖರ್ಚು, ಸ್ಟೀರಿಯೊ ಪಿಯಾನೊ ಆದರೆ ಇನ್ನೂ ಹೆಚ್ಚು, ರಿದಂ ಮತ್ತು ಬಾಸ್ ಕೂಡ ಅದೇ ಲೆಕ್ಕಕ್ಕೆ ಸೇರುತ್ತವೆ. ಸಸ್ಟೇನ್ ಪೆಡಲ್ ಒತ್ತಿ ಹಿಡಿದರೆ ಹಳೆಯ ಸ್ವರಗಳು ನಡುವೆಯೇ ಕತ್ತರಿಸಿ ಬೀಳುತ್ತವೆ. ಇದು ಕೆಟ್ಟುಹೋದ ಲಕ್ಷಣವಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸ್ಕೇಲ್ ಟ್ಯೂನಿಂಗ್, ಅಂದರೆ ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ತುಸು ಏರಿಸಿ ಇಳಿಸುವ ಸೌಲಭ್ಯ. ಕೀಬೋರ್ಡ್‌ನಲ್ಲಿ ಪ್ರತಿ ಅರೆಸ್ವರವೂ ಸರಿಯಾಗಿ 100 ಸೆಂಟ್ಸ್ (ಸ್ವರಗಳ ಅಂತರ ಅಳೆಯುವ ಮಾನ). ಸಿ ಕೀಯನ್ನು ಷಡ್ಜವಾಗಿ ಹಿಡಿದರೆ ಅಂತರ ಗಾಂಧಾರ 400ಕ್ಕೆ ಬೀಳುತ್ತದೆ. ಶ್ರುತಿಗೆ ಸಹಜವಾಗಿ ಕೂಡುವ ಗಾಂಧಾರ, ಅಂದರೆ 5/4 ಅನುಪಾತದ್ದು, ಸುಮಾರು 386 ಸೆಂಟ್ಸ್‌ನಲ್ಲಿದೆ. ಆ ಗಾಂಧಾರದ ಕೀಯನ್ನು, ಅಂದರೆ ಇ (E) ಕೀಯನ್ನು, 14 ಸೆಂಟ್ಸ್ ಇಳಿಸಿ, ಷಡ್ಜ ಒತ್ತಿ ಹಿಡಿದು ನುಡಿಸಿ ನೋಡಿ. ಮೊದಲು ಇದ್ದ ಅಲುಗಾಟ ನಿಂತು ಎರಡು ಸ್ವರ ಒಂದರೊಳಗೊಂದು ಕೂತುಬಿಡುತ್ತವೆ. ಪಂಚಮಕ್ಕೆ 2 ಸೆಂಟ್ಸ್ ಏರಿಸಿದರೆ ಸಾಕು. ಹಾಡುವವರ ಕಿವಿಗೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಬೆಲೆಯೂ ಇದೆ: ಹೀಗೆ ಇಟ್ಟುಕೊಂಡು ಇ ಮೇಜರ್ ಕಾರ್ಡ್ ಹಿಡಿದರೆ ಒಡೆದ ಹಾಗೆ ಕೇಳುತ್ತದೆ. ಒಂದೇ ಶ್ರುತಿಯ ಮೇಲೆ ನಿಲ್ಲುವ ಹಾಡಿಗೆ ಇದನ್ನು ಬಳಸಿ, ಕಾರ್ಡ್ ಬದಲಾಗುತ್ತಾ ಹೋಗುವ ಹಾಡಿಗೆ ಬೇಡ.

ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಚಕ್ರ ಮೊದಲಿಗೆ ಎರಡು ಅರೆಸ್ವರದಷ್ಟು ಬಾಗುತ್ತದೆ. ಕೊಳಲಿನ ಟೋನ್‌ಗೆ ಅಷ್ಟೇ ಇರಲಿ. ಟ್ರಾನ್ಸ್‌ಪೋಸ್ (ಇಡೀ ವಾದ್ಯದ ಶ್ರುತಿ ಬದಲಾಯಿಸುವುದು) ಬಗ್ಗೆ ಹೇಳುವಂಥದ್ದೇನೂ ಇಲ್ಲ, ಚೆನ್ನಾಗಿದೆ.

ಬೇಸರಗಳೂ ಇವೆ. ಮೆಮೊರಿ ಬಟನ್ ಟೋನ್, ವಾಲ್ಯೂಮ್, ರಿವರ್ಬ್ ಪ್ರಮಾಣ ಎಲ್ಲವನ್ನೂ ಉಳಿಸುತ್ತದೆ, ಆದರೆ ಮಾಸ್ಟರ್ ಇಕ್ಯೂ (ಇಡೀ ವಾದ್ಯದ ತಗ್ಗು-ಹೆಚ್ಚು ದನಿಗಳ ಸಮತೋಲನ) ಉಳಿಸುವುದಿಲ್ಲ. ಸ್ಕೇಲ್ ಟ್ಯೂನಿಂಗ್ ಮೆನುವಿನ ತಳದಲ್ಲಿದೆ. ಎರಡು ಹಾಡಿನ ನಡುವೆ ಅಲ್ಲಿಗೆ ಹೋಗಿಬರಲು ಸಮಯ ಸಿಗುವುದಿಲ್ಲ, ಮೊದಲೇ ಮೆಮೊರಿಗೆ ಹಾಕಿಕೊಳ್ಳಲೇಬೇಕು. ಎಡ-ಬಲ ಎರಡೂ ಔಟ್‌ಪುಟ್ ಸೇರಿ ಒಂದೇ ಸ್ಪೀಕರ್‌ಗೆ ಹೋದಾಗ ಸ್ಟೀರಿಯೊ ಪಿಯಾನೊ ಟೊಳ್ಳಾಗಿ ಕೇಳುತ್ತದೆ, ಎರಡು ಬದಿಯ ಅಲೆಗಳು ಅಲ್ಲಲ್ಲಿ ಒಂದನ್ನೊಂದು ಅಳಿಸುವುದರಿಂದ. ಅಂಥ ಕಡೆ ಮೋನೊ ಪಿಯಾನೊ ಟೋನ್ ಆರಿಸಿ ಕೋರಸ್ ತೆಗೆದುಬಿಡುತ್ತೇನೆ.

ಸವೆತದ ಮಾತು. ನಾಬ್‌ಗಳು ಇನ್ನೂ ಗಟ್ಟಿಯಾಗಿವೆ. ಮಧ್ಯದ ಆಕ್ಟೇವ್‌ನಲ್ಲಿ ಒಂದು ಕೀ ಮಾತ್ರ ಮೆಲ್ಲಗೆ ಒತ್ತಿದರೂ ಜೋರಾಗಿ ಮೊಳಗತೊಡಗಿತ್ತು. ಕೀ ಅಡಿಯಲ್ಲಿ ಎರಡು ರಬ್ಬರ್ ಕಾಂಟ್ಯಾಕ್ಟ್‌ಗಳಿರುತ್ತವೆ. ಒಂದು ತಗುಲಿ ಇನ್ನೊಂದು ತಗುಲುವ ನಡುವಿನ ಸಮಯದಿಂದಲೇ ಒತ್ತಿನ ವೇಗದ ಲೆಕ್ಕ. ನಡುವೆ ಧೂಳು ಕೂತರೆ ಲೆಕ್ಕ ತಪ್ಪುತ್ತದೆ. ಟಚ್ ಸೆಟ್ಟಿಂಗ್ (ಒತ್ತಿಗೆ ತಕ್ಕ ಜೋರಿನ ಹೊಂದಿಕೆ) ಬದಲಾಯಿಸಿ ಪ್ರಯೋಜನವಿಲ್ಲ, ಬಿಚ್ಚಿ ಒರೆಸಿಸಬೇಕು. ಒರೆಸಿಸಿದ ಮೇಲೆ ಸರಿಯಾಗಿದೆ.

ಇಂಥದ್ದನ್ನು ಕೊಳ್ಳುವವರು ಟೋನ್‌ಗಳ ಸಂಖ್ಯೆ ಎಣಿಸುವುದಕ್ಕಿಂತ ಮೂರು ವಿಷಯ ವಿಚಾರಿಸಿ: ರಿವರ್ಬ್ ಪ್ರಮಾಣವನ್ನು ಪ್ರತಿ ಟೋನ್‌ಗೂ ಬೇರೆ ಇಡಬಹುದೇ, ಸ್ಕೇಲ್ ಟ್ಯೂನಿಂಗ್ ಮೆಮೊರಿಯಲ್ಲಿ ಉಳಿಯುತ್ತದೆಯೇ, ಸೆಟ್ಟಿಂಗ್‌ಗಳನ್ನು ಯುಎಸ್‌ಬಿಗೆ ನಕಲು ಮಾಡಿಕೊಳ್ಳಬಹುದೇ. ನನ್ನ ವಾದ್ಯದಲ್ಲಿ ಮೂರೂ ಇವೆ, ಅದಕ್ಕೇ ಇದನ್ನು ಬದಲಾಯಿಸಿಲ್ಲ.