ವಾರಂಟಿ ಮುಗಿದ ಮೇಲೆ ಬರೆದ ಗೋಡೆ ದೀಪದ ವಿಮರ್ಶೆ

ಇಂಥ ದೀಪದ ಫೋಟೋ ನೀವು ನೋಡಿಯೇ ಇರುತ್ತೀರಿ. ಗೋಡೆಗೆ ಒಂದು ಪುಟ್ಟ ಬಿಲ್ಲೆ, ಅದರಿಂದ ಹೊರಟ, ನಡುವೆ ಕೀಲಿರುವ ಎರಡು ತೆಳ್ಳನೆಯ ಕಪ್ಪು ಕೊಳವೆಯ ತೋಳು, ತುದಿಯಲ್ಲಿ ಬೆರಳುದ್ದದ ತಲೆ. ವಾಟ್, ಲೂಮೆನ್ ಎಲ್ಲ ಪೆಟ್ಟಿಗೆಯ ಮೇಲೇ ಇದೆ, ಬಿಡಿ. ಹಾಸಿಗೆ ಪಕ್ಕದ ಗೋಡೆಗೆ ಹಾಕಿಸಿ, ವಾರಂಟಿ ಮುಗಿಯುವವರೆಗೂ ದಿನಾ ಬಳಸಿ ಈಗ ಬರೆಯುತ್ತಿದ್ದೇನೆ. ಮೊದಲ ವಾರವೇ ಬರೆದಿದ್ದರೆ ಕಣ್ಣು ಮುಚ್ಚಿ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ.

ನಾನು ರಾತ್ರಿ ಓದುವವಳು. ನಮ್ಮ ಮನೆಯವರಿಗೆ ಸ್ವಲ್ಪ ಬೆಳಕಿದ್ದರೂ ನಿದ್ದೆ ಹತ್ತುವುದಿಲ್ಲ. ಹಾಗಾಗಿ ನನಗೆ ಬೇಕಿದ್ದದ್ದು ಪುಟದ ಮೇಲೆ ಮಾತ್ರ ಬೀಳುವ ಬೆಳಕು. ದಿಂಬನ್ನು ಗೋಡೆಗೆ ಆನಿಸಿ ಕೂತು, ದೀಪದ ತಲೆ ಹಿಡಿದು ಎಳೆಯುತ್ತೇನೆ. ತೋಳು ಸದ್ದಿಲ್ಲದೆ ತಿರುಗಿ ಭುಜದ ಮೇಲೆ ಬಂದು ನಿಲ್ಲುತ್ತದೆ. ತಲೆಯನ್ನು ಒಂಚೂರು ಕೆಳಗೆ ಬಗ್ಗಿಸಿದರೆ ಬಲ್ಬು ಮರೆಯಾಗಿ ಅಕ್ಷರ ಮಾತ್ರ ಕಾಣುತ್ತದೆ. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಗುಂಡಿ ತಲೆಯ ಹಿಂದೆಯೇ ಇದೆ, ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ದಪ್ಪಕ್ಷರದ ಕಾದಂಬರಿಗೆ ದೀಪ ದೂರ, ಸಣ್ಣಕ್ಷರದ ಅಡಿಟಿಪ್ಪಣಿಗೆ ಹತ್ತಿರ. ದೀಪದಿಂದ ಪುಟಕ್ಕಿರುವ ದೂರ ಅರ್ಧವಾದರೆ ಪುಟದ ಮೇಲಿನ ಬೆಳಕು ಹೆಚ್ಚುಕಡಿಮೆ 4 ಪಟ್ಟಾಗುತ್ತದೆ. ಅಂದರೆ ಹತ್ತಿರಕ್ಕೆ ಎಳೆದುಕೊಂಡರೆ ಡಿಮ್ಮರ್ ಪೂರ್ತಿ ಇಳಿಸಿದ್ದರೂ ಓದಬಹುದು, ಪಕ್ಕದವರ ಮುಖ ಕತ್ತಲಲ್ಲೇ ಇರುತ್ತದೆ. ಬಣ್ಣವೂ 2700 ಕೆಲ್ವಿನ್, ಹಳದಿ ಬಲ್ಬಿನ ಹಾಗೆ ಮೆತ್ತಗಿದೆ. ಓದು ಮುಗಿದ ಮೇಲೆ ತೋಳನ್ನು ಗೋಡೆಗೆ ಒತ್ತಿ ಮಡಚಿಡುವುದು ಕೂಡ ಒಂದು ಖುಷಿ.

ಕೆಲವು ತಿಂಗಳಾದ ಮೇಲೆ ಕಿರಿಕಿರಿ ಶುರುವಾಯಿತು. ಎರಡು ಪುಟ ಓದುವಷ್ಟರಲ್ಲಿ ಬೆಳಕು ಕೆಳಗಿನ ಸಾಲುಗಳಿಗೆ ಜಾರಿರುತ್ತಿತ್ತು. ಎತ್ತಿಡುತ್ತಿದ್ದೆ. ಊಟವಾದ ಮೇಲೆ ತೂಕಡಿಸುವ ತಾತನ ಹಾಗೆ ಮತ್ತೆ ಬಾಗುತ್ತಿತ್ತು. ಕತೆ ರೋಚಕವಾಗಿರುವಾಗಲೇ ಹೀಗಾಗಬೇಕಾ?

ಗೋಡೆಯ ಹತ್ತಿರದ ಕೀಲು ಇವತ್ತಿಗೂ ಚೆನ್ನಾಗಿದೆ. ಅದು ಎಡಬಲಕ್ಕೆ ತಿರುಗುವಂಥದ್ದು, ತೋಳಿನ ಭಾರ ಅದನ್ನು ತಿರುಗಿಸಲು ನೋಡುವುದಿಲ್ಲ. ತೊಂದರೆ ಎಲ್ಲ ನಡುವಿನ ಕೀಲಿನದು. ಮೇಲೆ ಕೆಳಗೆ ಆಡುವ ಕೀಲು ಅದು. ಮುಂದಿನ ಕೊಳವೆ ಮತ್ತು ತಲೆ ಎರಡರ ಭಾರವನ್ನೂ ಅದೇ ತಡೆಯಬೇಕು. ಕೊಳವೆ ನೆಲಕ್ಕೆ ಸಮನಾಗಿ ಚಾಚಿದಾಗ ಎಳೆತ ಅತಿ ಜಾಸ್ತಿ, ನಾನು ಓದುವುದು ಸರಿಯಾಗಿ ಆ ಸ್ಥಿತಿಯಲ್ಲೇ! ಅದನ್ನು ಹಿಡಿದಿಡುವುದು ಒಳಗಿನ ವಾಷರಿನ ಉಜ್ಜಾಟ ಮಾತ್ರ. ದಿನಾ ಆಡಿಸಿದರೆ ವಾಷರ್ ಸವೆಯುತ್ತದೆ. ಸವೆದದ್ದಕ್ಕೆ ನನ್ನ ದೂರಿಲ್ಲ. ಸವೆದಾಗ ಬಿಗಿ ಮಾಡಲು ಒಂದು ಸ್ಕ್ರೂ ಇರಬೇಕು ತಾನೇ? ಇದೆ. ಆದರೆ ಅದರ ಮೇಲೆ ಒಂದು ಚಪ್ಪಟೆ ಮುಚ್ಚಳ ಅಂಟಿಸಿಬಿಟ್ಟಿದ್ದಾರೆ. ಯಾಕೆ? ಫೋಟೋದಲ್ಲಿ ನುಣ್ಣಗೆ ಕಾಣಲಿ ಅಂತ, ಇನ್ನೇನು.

ಹಳಬರು ಹೀಗೆ ಮಾಡಲಿಲ್ಲ. 1932ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಜಾರ್ಜ್ ಕಾರ್ವರ್ಡೀನ್ ತೋಳಿನ ಭಾರಕ್ಕೆ ಎದುರಾಗಿ ಸ್ಪ್ರಿಂಗುಗಳನ್ನು ಕಟ್ಟಿದರು. ಆಂಗಲ್‌ಪಾಯ್ಸ್ ಮೇಜಿನ ದೀಪ ಬಂದದ್ದು ಅದರಿಂದ. 1973ರಲ್ಲಿ ಇಟಲಿಯ ಪಾವೊಲೊ ರಿಜ್ಜಾಟೊ ವಿನ್ಯಾಸ ಮಾಡಿದ ‘265’ ಎಂಬ ಹೆಸರಿನ ಗೋಡೆ ದೀಪದಲ್ಲಿ ಉದ್ದ ತೋಳಿನ ಹಿಂದಿನ ತುದಿಗೆ ಒಂದು ಭಾರದ ಗುಂಡು. ಸ್ಪ್ರಿಂಗೂ ಕಾಣುತ್ತದೆ, ಗುಂಡೂ ಕಾಣುತ್ತದೆ, ಯಾರಿಗೂ ಅದು ವಿಕಾರ ಅನ್ನಿಸಿಲ್ಲ. ನನ್ನ ದೀಪ ಮಾಡಿದವರಿಗೆ ಒಂದು ಸ್ಕ್ರೂ ತಲೆ ಕಂಡರೂ ನಾಚಿಕೆ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ‘ಬಿಡಿ ಭಾಗ ಸಿಗಲ್ಲ ಮೇಡಂ, ತೋಳು ಪೂರ್ತಿ ಬದಲಾಯಿಸಬೇಕು’ ಅಂದರು. ಆ ದುಡ್ಡಿಗೆ ಇನ್ನೊಂದು ಸಾಧಾರಣ ದೀಪವೇ ಬರುತ್ತದೆ. ಹಾಗಾಗಿ ದೀಪಕ್ಕೆ ಬರುವ ಕರೆಂಟ್ ಮಾತ್ರ ಕಡಿದು, ಕೀಲಿನ ಮುಚ್ಚಳಕ್ಕೆ ಹೇರ್ ಡ್ರೈಯರಿನ ಬಿಸಿಗಾಳಿ ಕೊಟ್ಟೆ. ಅಂಟು ಮೆತ್ತಗಾಯಿತು, ಉಗುರಿನಿಂದ ಎತ್ತಿದರೆ ಬಂತು.

ಒಳಗೆ ನೋಡಿದ ಮೇಲೆ ಕೋಪ ಅರ್ಧ ಇಳಿಯಿತು. ಗಟ್ಟಿ ಸ್ಟೀಲ್ ಸ್ಕ್ರೂ, ಆರು ಮೂಲೆಯ ಮಾಮೂಲಿ ಅಲೆನ್ ಕೀ ಹಿಡಿಯುತ್ತದೆ. ವೈರು ಕೀಲಿನಲ್ಲಿ ತಿರುಚದ ಹಾಗೆ ಜಾಗ ಬಿಟ್ಟಿದ್ದಾರೆ. ಕೆಲಸ ಮಾಡಿದವರು ಚೊಕ್ಕವಾಗಿಯೇ ಮಾಡಿದ್ದಾರೆ. ಸವೆದ ನೈಲಾನ್ ವಾಷರ್ ತೆಗೆದು ಹೊಸದು ಹಾಕಿ, ಸ್ಕ್ರೂ ಸ್ವಲ್ಪ ತಿರುಗಿಸಿದೆ. ದೀಪ ಇಟ್ಟಲ್ಲೇ ನಿಂತಿತು. ತೀರಾ ಬಿಗಿ ಮಾಡಬೇಡಿ, ಆಗ ಎಳೆದಾಗೆಲ್ಲ ಆ ಬಲ ಗೋಡೆಯ ಬಿಲ್ಲೆಯ ಮೇಲೆ ಬಿದ್ದು ಗೋಡೆಯೊಳಗೆ ಅದರ ಸ್ಕ್ರೂ ಹಿಡಿದಿರುವ ಪ್ಲಗ್ ಸಡಿಲವಾಗುತ್ತದೆ. ಮುಚ್ಚಳವನ್ನು ಮತ್ತೆ ಅಂಟಿಸಿಲ್ಲ, ಸುಮ್ನೆ ಒತ್ತಿಟ್ಟಿದ್ದೇನೆ. ಅಂಚಿನಲ್ಲಿ ಒಂದು ಗೀರು ಬಿದ್ದಿದೆ, ಇರಲಿ.

ಸೋಫಾ ಪಕ್ಕದಲ್ಲಿ ಅಂದಕ್ಕೆ, ಒಂದೇ ಕಡೆ ನಿಲ್ಲಿಸಿ ಇಡುವವರು ಯೋಚಿಸದೆ ಕೊಳ್ಳಬಹುದು. ನನ್ನ ಹಾಗೆ ರಾತ್ರಿಯೆಲ್ಲ ಎಳೆದಾಡುವವರು ಕೈಯಲ್ಲಿ ಅಲೆನ್ ಕೀ ಹಿಡಿಯಲು ತಯಾರಿರಬೇಕು. ನಾನು ಮೂರೂವರೆ ಸ್ಟಾರ್ ಕೊಡುತ್ತೇನೆ. ಬೇರೆ ಯಾವ ಮಾದರಿ ಕೊಳ್ಳುವುದಿದ್ದರೂ ಅಂಗಡಿಯಲ್ಲಿ ತೋಳನ್ನು ಪೂರ್ತಿ ಚಾಚಿ ನಿಲ್ಲಿಸಿ, ಬೇರೆ ದೀಪಗಳನ್ನು ನೋಡಿಕೊಂಡು ಅರ್ಧ ಗಂಟೆ ಬಿಟ್ಟು ವಾಪಸ್ ಬನ್ನಿ. ತಲೆ ಜಾರಿದ್ದರೆ ಬೇಡ. ಜಾರದಿದ್ದರೂ ಬಿಗಿ ಮಾಡುವ ಸ್ಕ್ರೂ ಎಲ್ಲಿದೆ ಅಂತ ಕೇಳಿ, ಕೈಯಿಟ್ಟು ತೋರಿಸಿದ ಮೇಲೆಯೇ ಬಿಲ್ ಹಾಕಿಸಿ.