ಫ್ರಾನ್ಸ್‌ನ ಮೊರ್ಲೇಲಿರೋ ಡಚೆಸ್ ಆನ್ ಮನೆ – ತೊಟ್ಟಿಮನೆಯವ್ರು ನೋಡ್ಲೇಬೇಕು ಮಾರಾಯ್ರೆ

ನಮ್ ಕಡೆಯವ್ರು ಫ್ರಾನ್ಸ್‌ಗೆ ಹೋದ್ರೆ ಐಫೆಲ್ ಟವರ್ ಮುಂದೆ ಫೋಟೋ ಹೊಡ್ಕೊಂಡು ವಾಪಸ್ ಬರ್ತಾರೆ, ಬೇಡ ಅನ್ನಲ್ಲ, ಆದ್ರೆ ಸಾಗರ ಹೊಸನಗರ ತೀರ್ಥಹಳ್ಳಿ ಕಡೆ ಮರದ ಕಂಬ ತಬ್ಕೊಂಡು ಬೆಳೆದೋರು ಒಂದಿನ ಮೊರ್ಲೇಗೆ ಹೋಗಿ. ಬ್ರಿಟನಿ ಸೀಮೆ, ಪ್ಯಾರಿಸ್ಸಿಂದ ಫಾಸ್ಟ್ ಟ್ರೈನಲ್ಲಿ ಸುಮಾರು 3 ಗಂಟೆ. ಅಲ್ಲೂ ಮಳೆ ಜಾಸ್ತಿನೇ, ಕೊಡೆ ಇರ್ಲಿ.

ಮನೆ ಇರೋದು ರ್ಯೂ ದ್ಯು ಮ್ಯೂರ್ ಅನ್ನೋ ಬೀದಿ, 33ನೇ ನಂಬರ್. 16ನೇ ಶತಮಾನದ್ದು, ಈಗ ಸಂರಕ್ಷಿತ ಸ್ಮಾರಕ. ಒಂದೊಂದು ಮಹಡಿನೂ ಕೆಳಗಿನದಕ್ಕಿಂತ ಚೂರು ಮುಂದೆ ಬೀದಿ ಮೇಲೆ ಚಾಚ್ಕೊಂಡಿದೆ, ಮುಂಭಾಗದ ಮರದಲ್ಲಿ ಸಂತರ ಮೂರ್ತಿಗಳು. ಬ್ರಿಟನಿಯ ಡಚೆಸ್ (ಅಂದ್ರೆ ಆ ಸೀಮೆಯ ಒಡತಿ), ಫ್ರಾನ್ಸ್‌ನ ರಾಣಿನೂ ಆಗಿದ್ದ ಆನ್ 1505ರಲ್ಲಿ ಈ ಊರಿಗೆ ಬಂದಿದ್ದು ನಿಜ, ಈ ಮನೇಲೇ ಉಳ್ಕೊಂಡಿದ್ಲು ಅನ್ನೋದು ಮಾತ್ರ ಊರೋರ ಬಾಯಿಮಾತು ಅಷ್ಟೇ, ಲಿನನ್ ಬಟ್ಟೆ ವ್ಯಾಪಾರದಲ್ಲಿ ಊರು ದುಡ್ಡು ನೋಡಿದ ಕಾಲದ ಸಾಹುಕಾರ್ರ ಮನೆ ಇದು.

ಒಳಗೆ ಹೋಗಿ ತಲೆ ಎತ್ತಿದ್ರೆ ಮಾತು ಹೊರಡಲ್ಲ. ನಡುವೆ ನಮ್ ತೊಟ್ಟಿ ಥರಾನೇ ಜಾಗ, ಆದ್ರೆ ಮೇಲೆ ಮುಚ್ಚಿದ್ದಾರೆ, ಮಳೆ ಒಳಗೆ ಬೀಳಲ್ಲ, ಬೆಳಕು ಮಾತ್ರ ಮೇಲಿಂದ ಇಳಿಯುತ್ತೆ, ಗೋಡೇಲಿ ದೊಡ್ಡ ಬೆಂಕಿಗೂಡು. ಬೀದಿ ಕಡೆ ರೂಮು ಒಂದು, ಹಿಂದಿನ ರೂಮು ಒಂದು, ಎರಡನ್ನೂ ಸೇರ್ಸೋಕೆ ಸುರುಳಿ ಮೆಟ್ಲಿಂದ ಹೊರಡೋ ಮರದ ಸೇತುವೆ ಥರದ ಓಣಿ, ಅದಕ್ಕೆ ಪೊಂದಲೇ ಅಂತಾರೆ, ಮೊರ್ಲೇ ಹೆಸರುವಾಸಿ ಆಗಿರೋದೇ ಈ ಥರ ಮನೆಗಳಿಗೆ. ಮೆಟ್ಲಿನ ಓಕ್ ಕಂಬ ಸುಮಾರು 11 ಮೀಟರ್ ಎತ್ತರ, ಹತ್ತುತ್ತಾ ಹೋದ ಹಾಗೆ ಅದರಲ್ಲಿ ಕೆತ್ತಿರೋ ಸಂತರು ಒಬ್ಬೊಬ್ರೇ ಎದುರಾಗ್ತಾರೆ.

ಸಾಗರದ ಗುಡಿಗಾರರ ಗಂಧದ ಕೆತ್ತನೆ ನೋಡಿ ಪಳಗಿದ ಕಣ್ಣಿಗೆ ಮುಖಗಳು ಸ್ವಲ್ಪ ಒರಟು ಅನ್ಸುತ್ತೆ, ನಂಗಂತೂ ಅನ್ಸ್ತು. ಓಕ್ ಮರದ ಎಳೆನೇ ದಪ್ಪ, ಗಂಧದಲ್ಲಿ ಬರೋ ನಾಜೂಕು ಅದರಲ್ಲಿ ಬರಲ್ಲ ಬಿಡಿ. ಆದ್ರೆ ಮನೆ ಹೊರೋ ಕಂಬದಲ್ಲೇ ದೇವ್ರನ್ನ ಕೂರ್ಸೋ ಧೈರ್ಯ ಇದೆಯಲ್ಲ, ಅದಕ್ಕೆ ಫುಲ್ ಮಾರ್ಕ್ಸ್.

ಇದೇ ಊರಿನ ಇನ್ನೊಂದು ಮನೆಯ ಇಂಥದೇ ಮೆಟ್ಲು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿದೆ. ನಮ್ಮಲ್ಲಿ ಹಳೇ ಮನೆ ಬಿಚ್ಚಿದ್ರೆ ಕಂಬ ಬೋದಿಗೆ ಬಾಗಿಲು ಎಲ್ಲ ಲಾರಿ ಹತ್ತಿ ಬೆಂಗಳೂರು ಕಡೆ ರೆಸಾರ್ಟ್ ಸೇರುತ್ತೆ, ಅಲ್ಲಿ ಯಾವ ಊರಿನ ಯಾರ ಮನೆಯದು ಅಂತ ಒಂದು ಬೋರ್ಡೂ ಇರಲ್ಲ. ಅದಕ್ಕೇ ಈ ಕಂಬ ಹುಟ್ಟಿದ ಜಾಗದಲ್ಲೇ ನಿಂತಿದೆ ಅಂತ ನೋಡೋಕೆ ಒಂಥರಾ ಹೊಟ್ಟೆಕಿಚ್ಚು.

ಟಿಕೆಟ್ ದುಬಾರಿ ಏನಿಲ್ಲ. ವರ್ಷಪೂರ್ತಿ ತೆಗೆದಿರಲ್ಲ, ಬೇಸಿಗೆಲಿ ಹೋಗಿ, ಮೊದ್ಲೇ ಟೈಮಿಂಗ್ ನೋಡ್ಕೊಳ್ಳಿ. ಊರ ಮೇಲೇ ಹಾದುಹೋಗೋ 58 ಮೀಟರ್ ಎತ್ತರದ ರೈಲು ಸೇತುವೆನೂ ನೋಡಿ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಟ್ ಮಾಡಿದ್ದು ಆ ಸುರುಳಿ ಮೆಟ್ಲಿಗೆ, ಮಂಡಿನೋವು ಇರೋ ಅಮ್ಮ ಅಪ್ಪನ್ನ ಕರ್ಕೊಂಡು ಹೋಗೋರು ಕೆಳಗಿಂದಾನೇ ತೋರ್ಸಿ.